ಬಳಸಿ ಹೋದ ತಂತಿ

ಕಾರಿನ ಹಿಂದಿನ ಸೀಟಿನ ಕೊನೆಯ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡು ಕೂತಿತ್ತು. ಮಗಳು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹೇರಿದಳು. ಅದು ಕಿರ್ರೆಂದು ಒಮ್ಮೆ ನರಳಿ ಕೊನೆಗೂ ಮಣಿಯಿತು. ಸೀಟನ್ನು ಎಳೆದು ಗ್ಯಾರೇಜಿನ ಗೋಡೆಗೆ ಒರಗಿಸಿ, ಖಾಲಿಯಾದ ಜಾಗವನ್ನು ಗೇಣಿನಿಂದ ಅಳೆದಳು. ಅಪ್ಪನ ಶವದ ಪೆಟ್ಟಿಗೆ ಹಿಡಿಸುತ್ತದೆ.

"ಹಠ ಬಿಡಮ್ಮ," ಎಂದ ಚಿಕ್ಕಪ್ಪ, ಬಾಗಿಲಲ್ಲಿ ನಿಂತು. ಇಸ್ತ್ರಿಯ ಅಂಗಿಗೆ ಗ್ರೀಸು ತಾಗೀತೆಂದು ಅವನು ಒಳಗೆ ಬಂದಿರಲಿಲ್ಲ. "ಆಸ್ಪತ್ರೆ ವ್ಯಾನಿಗೆ ಹೇಳಿಟ್ಟಿದ್ದೀನಿ. ಒಂದು ಫೋನ್ ಮಾಡಿದ್ರೆ ಸಾಕು."

"ಅಪ್ಪ ಬೇರೆಯವರ ಗಾಡೀಲಿ ಕೂತಿದ್ದು ಎಂದಾದ್ರೂ ನೋಡಿದೀರಾ ಚಿಕ್ಕಪ್ಪ?"

"ಅಣ್ಣ ಕೂರ್ತಿರ್ಲಿಲ್ಲ, ಸರಿ. ಆದ್ರೆ ಈ ಗಾಡಿ ಬದುಕಿದ್ದವರನ್ನೇ ದಾರೀಲಿ ಇಳಿಸಿದೆ. ನನ್ನ ಮಗಳ ಮದುವೆ ದಿನ ಮದುಮಗಳ ಕೈಲೇ ತಳ್ಳಿಸ್ತು! ಇವತ್ತು ನಡುರಸ್ತೇಲಿ ನಿಂತ್ರೆ ಜನ ಏನಂತಾರೆ?"

"ನಿಲ್ಲಲ್ಲ. ಅದು ನನ್ನ ಜವಾಬ್ದಾರಿ."

ಅಪ್ಪನ ಅಕ್ಕ, ಅವಳ ಸೋದರತ್ತೆ, ಮಗುಚಿಟ್ಟ ಎಣ್ಣೆ ಡಬ್ಬಿಯ ಮೇಲೆ ಕೂತು ಟೀ ಆರಿಸಿಕೊಳ್ಳುತ್ತಿದ್ದಳು. "ಹೋಗ್ಲಿ ಬಿಡೋ," ಎಂದಳು ತಮ್ಮನಿಗೆ. "ಅಪ್ಪ ಮಗಳ ಮಧ್ಯೆ ನಿಂದೇನು?"

ಅಪ್ಪ ಮಗಳ ಮಧ್ಯೆ ಹೆಚ್ಚೇನೂ ಉಳಿದಿರಲಿಲ್ಲ. ಅದಕ್ಕೇ ಅವಳಿಗೆ ಇದೊಂದು ಬೇಕಾಗಿತ್ತು: ಅವನನ್ನು ಅವನದೇ ಕಾರಿನಲ್ಲಿ, ತಾನೇ ಓಡಿಸಿಕೊಂಡು, ಎಲ್ಲೂ ನಿಲ್ಲಿಸದೆ ಸ್ಮಶಾನ ಮುಟ್ಟಿಸುವುದು.

*

ಅಪ್ಪನಿಗೆ ಎಂಜಿನ್ ಎಂದರೆ ಮಾತು ಬರುವ ಪ್ರಾಣಿ. ಬಾನೆಟ್ಟಿಗೆ ಕಿವಿಕೊಟ್ಟು, ಒಳಗೆ ಯಾವ ವಾಲ್ವು ಮುನಿಸಿಕೊಂಡಿದೆ ಎಂದು ಹೇಳಿಬಿಡುತ್ತಿದ್ದ. ತಂತಿಗಳ ಸುದ್ದಿ ಬಂದರೆ ಮಾತ್ರ ಹಿಂದೆ ಸರಿಯುತ್ತಿದ್ದ. "ಎಣ್ಣೆ ಸೋರಿದ್ರೆ ಕಾಣುತ್ತೆ, ನೀರು ಸೋರಿದ್ರೆ ಕಾಣುತ್ತೆ. ಈ ಕರೆಂಟು ದೆವ್ವ ಇದ್ದಂಗೆ. ಹೊಡೆದ ಮೇಲೇ ಗೊತ್ತಾಗೋದು."

ಆ ದೆವ್ವವನ್ನು ಹಿಡಿಯುವ ವಿದ್ಯೆ ಕಲಿಯಲು ಮಗಳು ದೂರದ ಊರಿಗೆ ಹೋದಳು. ಗಾಡಿಗಳ ವೈರಿಂಗ್ ಕಲಿತು ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಕಾಯಿಲೆ ಅಷ್ಟು ಬಲಿತಿದೆಯೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಕಲಿಯುವ ಹುಡುಗಿಯನ್ನು ಕಾಡಬೇಡಿ ಎಂದು ಅಮ್ಮನೇ ಎಲ್ಲರ ಬಾಯಿ ಕಟ್ಟಿದ್ದಳಂತೆ.

ಅಪ್ಪನ ಕಾರು ಆಗಿನಿಂದಲೇ ಕಾಯಿಲ್ ಸುಟ್ಟುಕೊಳ್ಳತೊಡಗಿದ್ದು. ಎಂಜಿನ್ನಿಗೆ ಕಿಡಿ ಹುಟ್ಟಿಸಿಕೊಡುವ ಆ ಪುಟ್ಟ ಡಬ್ಬಿ ಹೊಸದರಲ್ಲಿ ಲಕ್ಷಣವಾಗಿ ನಡೆಯುತ್ತಿತ್ತು. ಕೆಲವು ತಿಂಗಳಾದರೆ ಕಾದು ಕೆಂಡವಾಗಿ, ಕಾರನ್ನು ದಾರಿಯಲ್ಲೇ ಮಲಗಿಸುತ್ತಿತ್ತು. ಅಪ್ಪ ಇನ್ನೊಂದನ್ನು ಹಾಕುತ್ತಿದ್ದ. "ಈಗಿನ ಮಾಲೇ ಸರಿಯಿಲ್ಲ," ಎನ್ನುತ್ತಿದ್ದ.

ಒಂದು ದಿನ ಗ್ಯಾರೇಜಿನಲ್ಲಿ ಗಿರಾಕಿಗಳು ಕೂತಿದ್ದಾಗ ಮಗಳು ಬಾನೆಟ್ ಎತ್ತಿದಳು. ಹುಡುಕುವುದೇ ಬೇಕಾಗಲಿಲ್ಲ. ಅಂಥ ಹಳೆಯ ಕಾರುಗಳಲ್ಲಿ ಕರೆಂಟು ಒಂದು ಬಿಳಿ ಪಿಂಗಾಣಿ ತುಂಡನ್ನು ಹಾದು, ತನ್ನ ಜೋರು ಕಳೆದುಕೊಂಡು ಕಾಯಿಲ್ ಸೇರಬೇಕು. ಇಲ್ಲಿ ಯಾರೋ, ಕರೆಂಟು ಆ ತುಂಡನ್ನು ಮುಟ್ಟದೆ ಬಳಸಿಕೊಂಡು ಪೂರ್ತಿ ಜೋರಿನಲ್ಲೇ ಕಾಯಿಲ್ ಸೇರುವ ಹಾಗೆ, ನೀಲಿ ತಂತಿಯೊಂದನ್ನು ಎಳೆದಿದ್ದರು.

"ಯಾವ ಪುಣ್ಯಾತ್ಮ ಇದನ್ನ ಎಳೆದಿದ್ದು?" ಅವಳು ನಕ್ಕಳು. "ಕಾಯಿಲ್ ಕೆಟ್ಟಿಲ್ಲಪ್ಪ, ಎಳೆದವನ ತಲೆ ಕೆಟ್ಟಿದೆ!"

ಗಿರಾಕಿಗಳೂ ನಕ್ಕರು. ಅಪ್ಪ ನಗಲಿಲ್ಲ. ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ ನಿಂತ. ಎಳೆದವನು ಯಾರೆಂದು ಅವಳಿಗೆ ಆಗ ಹೊಳೆಯಿತು. ಆದರೆ ಇಕ್ಕಳ ಆಗಲೇ ಕೈಗೆ ಬಂದಿತ್ತು.

"ಕೈ ಹಚ್ಚಬೇಡ."

"ಯಾಕೆ?"

"ಬೇಡ ಅಂದೆ."

ನಾಲ್ಕು ಜನರೆದುರು ಗದರಿಸಿಕೊಂಡದ್ದು ಅವಳಿಗೂ ಚುಚ್ಚಿತು. "ಹಾಗಾದ್ರೆ ಸಾಯೋವರೆಗೂ ಕಾಯಿಲ್ ಬದಲಾಯಿಸ್ತಾ ಕೂತಿರು," ಎಂದು ಇಕ್ಕಳ ಎಸೆದಳು.

ಆಮೇಲೆ ಅವಳು ಊರಿನ ಆಚೆ ಬದಿಯ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದಳು. ರಜೆಯ ದಿನ ಬಂದಾಗ ಇಬ್ಬರೂ ಅಪ್ಪನ ಮಂಡಿನೋವಿನ ಬಗ್ಗೆ, ಹವೆಯ ಬಗ್ಗೆ ಮಾತಾಡುತ್ತಿದ್ದರು. ಬಾನೆಟ್ಟಿನ ಸುದ್ದಿಗೆ ಹೋಗುತ್ತಿರಲಿಲ್ಲ. ಅಪ್ಪ ಸಾಯುವವರೆಗೂ ಕಾಯಿಲ್ ಬದಲಾಯಿಸಿದ.

*

ತುಂತುರು ಬೀಳುತ್ತಿತ್ತು. ಕಾರು ಮುಂದೆ, ಕೊಡೆಗಳು ಹಿಂದೆ. ಜನರ ನಡಿಗೆಗೆ ಸರಿಯಾಗಿ ಅವಳು ಮೊದಲನೇ ಗೇರಿನಲ್ಲೇ ಓಡಿಸುತ್ತಿದ್ದಳು. ಪಕ್ಕದಲ್ಲಿ ಅತ್ತೆ. ಹಿಂದೆ ಪೆಟ್ಟಿಗೆ. ಏರು ಶುರುವಾಗುವಲ್ಲಿ ಎಂಜಿನ್ ಒಮ್ಮೆ ತೊದಲಿತು, ಇನ್ನೊಮ್ಮೆ ತೊದಲಿತು, ನಿಂತಿತು.

"ನಾನು ಬಡ್ಕೊಂಡೆ!" ಎಂದು ಚಿಕ್ಕಪ್ಪ ಕೊಡೆ ಮಡಚಿದ.

"ಅಣ್ಣನಿಗೆ ಹೋಗೋಕೆ ಮನಸ್ಸಿಲ್ಲ ಕಣ್ರೋ," ಎಂದ ಅಪ್ಪನ ಹಳೆಯ ಗೆಳೆಯ, ಪಕ್ಕದ ಅಂಗಡಿಯ ಟೈರಿನವನು. ಕೆಲವರು ನಕ್ಕು, ನಗಬಾರದಿತ್ತೆಂದು ನೆಲ ನೋಡಿದರು.

ಬಾನೆಟ್ ಎತ್ತಿದರೆ ಕಾಯಿಲ್ ಮೇಲೆ ಬಿದ್ದ ಹನಿ ಚುಂಯ್ ಎಂದಿತು. ಅಪ್ಪ ಮುಂದಿನ ಸೀಟಿನಡಿಯಲ್ಲಿ ಬಟ್ಟೆ ಸುತ್ತಿ ಇನ್ನೊಂದನ್ನು ಇಟ್ಟಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಇತ್ತು. ಆದರೆ ಹೊಸದಲ್ಲ, ತಣ್ಣಗಿರುವಷ್ಟು ಹೊತ್ತು ಮಾತ್ರ ನಡೆಯುವ ಅರೆಬೆಂದ ಹಳೆಯದು. ಅದನ್ನೇ ಕಟ್ಟಿದಳು. ನಂತರ ಜೇಬಿನಿಂದ ಇಕ್ಕಳ ತೆಗೆದಳು.

"ಈ ತಂತಿ ಕತ್ತರಿಸ್ತೀನಿ. ಸ್ಟಾರ್ಟ್ ಆಗೋಕೆ ಸ್ವಲ್ಪ ತಳ್ಳಬೇಕಾಗುತ್ತೆ. ಆಮೇಲೆ ನಿಲ್ಲಲ್ಲ."

ಅತ್ತೆ ಇಳಿದು ಬಂದು ಬಗ್ಗಿ ನೋಡಿದಳು. "ಅಯ್ಯೋ, ಇದು ನನ್ನ ಟೇಬಲ್ ಫ್ಯಾನಿನ ತಂತಿ ಕಣೇ. ಚಳಿಗಾಲದಲ್ಲಿ ಕಿತ್ಕೊಂಡು ಹೋಗಿದ್ದ ನಿಮ್ಮಪ್ಪ, ಕಳ್ಳ. ಬೇಸಿಗೇಲಿ ಫ್ಯಾನ್ ಹಾಕೋಕೆ ಹೋದಾಗ್ಲೇ ನಂಗೆ ಗೊತ್ತಾಗಿದ್ದು."

"ಯಾಕೆ ಕಿತ್ತ?"

"ನಿಮ್ಮಮ್ಮನ್ನ ದಿನಾ ಬೆಳಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತಲ್ಲ. ಆ ಚಳೀಲಿ ಈ ಗಾಡಿ ಏನು ಮಾಡಿದ್ರೂ ಸ್ಟಾರ್ಟೇ ಆಗ್ತಿರ್ಲಿಲ್ಲ. ಒಂದು ದಿನ ಅವಳು ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತೇ ಇದ್ಲು, ಇವನು ಕೀ ತಿರುಗಿಸ್ತಾನೇ ಇದ್ದ. ಬ್ಯಾಟರಿ ಸತ್ತೋಯ್ತು. 'ಇರ್ಲಿ ಬಿಡಿ, ನಾಳೆ ಹೋದ್ರಾಯ್ತು' ಅಂತ ಅವಳು ಗೋಡೆ ಹಿಡ್ಕೊಂಡು ಒಳಗೆ ಹೋದ್ಲು. ಅವತ್ತು ಸಂಜೆ ಯಾರನ್ನೋ ಕೇಳ್ಕೊಂಡು ಬಂದು ಈ ತಂತಿ ಎಳೆದ. ಮಾರನೇ ದಿನ ಒಂದೇ ತಿರುವಿಗೆ ಎಂಜಿನ್ ಹಿಡೀತು! ಚಿಕ್ಕ ಮಗು ಥರ ಚಪ್ಪಾಳೆ ತಟ್ಟಿದ್ಲು ನಿಮ್ಮಮ್ಮ. ಆಮೇಲೆ ಒಂದು ದಿನಾನೂ ಅವಳನ್ನ ಕಾಯಿಸಲಿಲ್ಲ ಅವನು."

"ಅಮ್ಮ ಹೋದ ಮೇಲಾದ್ರೂ ತೆಗೀಬಹುದಿತ್ತಲ್ಲ ಅತ್ತೆ."

"ನಾನೂ ಹೇಳ್ದೆ. 'ಇರ್ಲಿ ಅಕ್ಕ, ಅವಳು ಚಪ್ಪಾಳೆ ತಟ್ಟಿದ್ದು ನನ್ನ ಈ ಕೆಲಸ ಒಂದಕ್ಕೇ' ಅಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಕೇಳಿದ್ದಳು. ಗಿರಾಕಿಗಳು ನಗುತ್ತಿರುವಾಗ, ಕೈಯಲ್ಲಿ ಇಕ್ಕಳ ಹಿಡಿದುಕೊಂಡು.

ನೀಲಿ ತಂತಿಯ ಎರಡೂ ತುದಿಗೆ ಅಪ್ಪ ಹೊಲಿಗೆಯ ದಾರ ಸುತ್ತಿದ್ದ. ತಂತಿಯ ಕೆಲಸ ಬಲ್ಲ ಯಾರೂ ಹಾಗೆ ಸುತ್ತುವುದಿಲ್ಲ. ಅವಳು ಇಕ್ಕಳವನ್ನು ಜೇಬಿಗಿಳಿಸಿ ಬಾನೆಟ್ ಮುಚ್ಚಿದಳು.

"ಕತ್ತರಿಸಿದ್ಯಾ?" ಚಿಕ್ಕಪ್ಪ ಕೇಳಿದ.

"ಇಲ್ಲ."

"ಮತ್ತೆ ನಿಲ್ಲುತ್ತಲ್ಲಮ್ಮ!"

"ನಡಿಗೆ ಲೆಕ್ಕದಲ್ಲಿ ಹೋದ್ರೆ ನಿಲ್ಲುತ್ತೆ. ಕಾಯಿಲ್ ಬಿಸಿಯಾಗೋ ಮುಂಚೆ ಮುಟ್ಟಿಬಿಡ್ತೀನಿ. ನೀವು ಹಿಂದಿನಿಂದ ಬನ್ನಿ."

"ಹೆಣ ಓಡೋದು, ಜನ ನಡೆಯೋದು! ಇದೆಂಥ ಮೆರವಣಿಗೆಯಮ್ಮ?"

ಅತ್ತೆ ಕಾರು ಹತ್ತಲಿಲ್ಲ. ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ತಳ್ಳಿ ಹಾಕಿದಳು. "ನಾನು ಇವನ ಕೊಡೇಲಿ ಬರ್ತೀನಿ. ನೀವಿಬ್ಬರೇ ಹೋಗಿ."

ಒಂದೇ ತಿರುವಿಗೆ ಎಂಜಿನ್ ಹಿಡಿಯಿತು.

*

ಸ್ಮಶಾನದ ಗೇಟು ತೆರೆದಿತ್ತು, ಯಾರೂ ಇರಲಿಲ್ಲ. ಮರದಡಿ ಕಾರು ನಿಲ್ಲಿಸಿ ಅವಳು ಕೀ ತಿರುಗಿಸಿದಳು. ಎಂಜಿನ್ನಿನ ಸದ್ದಡಗಿದ ಮೇಲೆ ಚಾವಣಿಯ ಮೇಲೆ ಮಳೆ ಕೇಳತೊಡಗಿತು. ಕಿಟಕಿಗಳು ಮುಚ್ಚಿದ್ದವು. ಅವಳೊಬ್ಬಳ ಉಸಿರಿಗೇ ಮುಂದಿನ ಗಾಜು ಮಂಜಾಗುತ್ತ ಬಂತು.

"ಬಂದ್ವಿ ಅಪ್ಪ," ಎಂದಳು.

ಅವರಿಬ್ಬರಿಗೂ ಚೆನ್ನಾಗಿ ಆಡಲು ಬರುತ್ತಿದ್ದುದು ಒಂದೇ ಬಗೆಯ ಮಾತು. ಅವಳು ಬೆರಳು ಚಾಚಿ ಗಾಜಿನ ಮೇಲೆ ಒಂದು ಚೌಕ ಬರೆದಳು.

"ನೋಡು, ಇದು ಬ್ಯಾಟರಿ. ಇದು ಸ್ಟಾರ್ಟರ್. ಆ ಬಿಳಿ ತುಂಡು ಇಲ್ಲೇ ಇರ್ಲಿ, ಅದರ ತಂಟೆಗೆ ಹೋಗೋದು ಬೇಡ. ಸ್ಟಾರ್ಟರಿಂದ ಕಾಯಿಲ್‌ಗೆ ಹೀಗೆ ಬೇರೆ ಒಂದು ತಂತಿ. ಅಷ್ಟೇ. ಕೀ ತಿರುಗಿಸಿ ಹಿಡಿದಾಗ ಮಾತ್ರ ಪೂರ್ತಿ ಕರೆಂಟು, ಕೈ ಬಿಟ್ಟ ಮೇಲೆ ಕಡಿಮೆ. ಅಮ್ಮನೂ ಕಾಯ್ತಿರ್ಲಿಲ್ಲ, ಕಾಯಿಲೂ ಸುಡ್ತಿರ್ಲಿಲ್ಲ."

ಅವನು ಏನಾದರೂ ಕೇಳಲಿ ಎಂಬಂತೆ ಸ್ವಲ್ಪ ತಡೆದಳು. ಆಮೇಲೆ, ಅರ್ಥವಾಗಿರಲಿಕ್ಕಿಲ್ಲವೆಂದು, ಕೊನೆಯ ಗೆರೆಯ ಮೇಲೆ ಮತ್ತೊಮ್ಮೆ ನಿಧಾನವಾಗಿ ಬೆರಳೆಳೆದಳು. ಆ ಗೆರೆಯ ಸೀಳಿನಲ್ಲಿ, ದೂರದ ತಿರುವಿನಲ್ಲಿ, ಮೊದಲ ಕೊಡೆ ಕಾಣಿಸಿಕೊಂಡಿತು. ಕೊಡೆಗಳು ಹತ್ತಿರವಾಗುತ್ತ ಬಂದಂತೆ ಬ್ಯಾಟರಿಯ ಮೂಲೆಯಿಂದ ಒಂದು ಹನಿ ಹೊರಟು, ತಂತಿಗಳನ್ನೆಲ್ಲ ಹಾದು, ಗಾಜಿನ ಬುಡಕ್ಕೆ ಇಳಿಯಿತು.