ಕೂಗಳತೆ ಹೋಗಿ ತಿರುಗಿ ನೋಡು

ಹಟ್ಟಿಯ ಹುಡುಗರಿಗೆ ಲಾರಿ ಹುಚ್ಚು ಹಿಡಿಯುವುದು ಹೊಸದೇನಲ್ಲ. ಧರ್ಮಪುರದ ಸುತ್ತಿನ ಯಾವ ಹಟ್ಟಿಗೆ ಹೋದರೂ ಒಬ್ಬನಾದರೂ ಡ್ರೈವರ್ ಆಗಬೇಕು ಅನ್ನುವವನು ಸಿಗುತ್ತಾನೆ. ಆದರೆ ಕಲಿಯುವುದೆಲ್ಲಿ? ಲಾರಿಗೆ ಕಲ್ಲು ಹತ್ತಿಸಲು, ಶೇಂಗಾ ಮೂಟೆ ಹೊರಲು ನಮ್ಮವರ ಬೆನ್ನು ಬೇಕು. ಸ್ಟೇರಿಂಗ್ ಹಿಡಿಯಲು ಮಾತ್ರ ನಮ್ಮವರ ಕೈ ಬೇಡ. ಕ್ಲೀನರ್ ಆಗಿ ಸೇರಿ, ಡ್ರೈವರನ ಬೈಗುಳ ತಿಂದು, ಅವನು ಕಣ್ಣು ಮುಚ್ಚಿದಾಗ ಕದ್ದು ಓಡಿಸಿ ಕಲಿತದ್ದೇ ವಿದ್ಯೆ. ಹಾಗೆ ಕಲಿತವರಲ್ಲಿ ಕೆಲವರು ಡ್ರೈವರಾದರು. ಕೆಲವರು ಮನೆಗೆ ಬರಲಿಲ್ಲ.

ಕುರಿ ಕಾಯುವ ತಿಪ್ಪಮ್ಮನ ಮಗ ಜುಂಜಣ್ಣನಿಗೂ ಅದೇ ಹುಚ್ಚು. ಸಂತೆಗೆ ಕುರಿ ಸಾಗಿಸುವ ಪಿಕಪ್ ಗಾಡಿಯನ್ನು ಅವನು ನಾಲ್ಕು ವರ್ಷದಿಂದ ಓಡಿಸುತ್ತಿದ್ದ. ಈಗ ಹಿರಿಯೂರಿನ ಬೈಪಾಸಿನ ಆಚೆ, ಕಲ್ಲು ಮತ್ತು ಯಂತ್ರ ಸಾಗಿಸುವ ಲಾರಿ ಕಂಪನಿಯೊಂದು ಹೊಸಬರನ್ನು ಸೇರಿಸಿಕೊಂಡು, ತಾನೇ ಕಲಿಸಿ, ಆಮೇಲೆ ಲಾರಿ ಕೊಡುತ್ತೇನೆ ಎಂದಿತ್ತು. ಜುಂಜಣ್ಣ ಹೋಗಿ ಬಂದಿದ್ದ. ಅವನ ಕಣ್ಣು ಪರೀಕ್ಷಿಸಿದ್ದರು, ಪಿಕಪ್ಪನ್ನು ಹಿಂದಕ್ಕೆ ತೆಗೆಸಿ ನೋಡಿದ್ದರು, ಆಯ್ಕೆಯೂ ಆಗಿತ್ತು. ಮನೆಯಲ್ಲಿ ಅವ್ವ ಹೂಂ ಅನ್ನುವುದಷ್ಟೇ ಬಾಕಿ.

ಅವ್ವ ಹೂಂ ಅನ್ನಲೊಲ್ಲಳು.

ಅದಕ್ಕೆ ಕಾರಣ ಪಡಸಾಲೆಯಲ್ಲೇ ಕಾಲು ಚಾಚಿ ಕುಳಿತಿತ್ತು. ಜುಂಜಣ್ಣ ಚಿಕ್ಕವನಿದ್ದಾಗ, ಹೆದ್ದಾರಿಯ ಪಕ್ಕ ಅಪ್ಪ ಅವ್ವ ಇಬ್ಬರೂ ಮಂದೆ ಹೊಡೆದುಕೊಂಡು ಬರುತ್ತಿರುವಾಗ, ತಿರುವಿನಲ್ಲಿ ಒಂದು ಲಾರಿಯಿಂದ ಕಲ್ಲಿನ ದಿಮ್ಮಿ ಜಾರಿ ಬಿದ್ದಿತ್ತು. ಮಂದೆಯ ಮುಂದಾಳು ಟಗರು ಅಲ್ಲೇ ಸತ್ತಿತು. ತಿಪ್ಪಮ್ಮನ ಗಂಡ ಕೆಂಚಣ್ಣನ ಪಾದ ಜಜ್ಜಿಹೋಯಿತು. ಅಂದಿನಿಂದ ಅವನು ಕೋಲಿಲ್ಲದೆ ನಡೆದಿಲ್ಲ. ಅಂದಿನಿಂದ ತಿಪ್ಪಮ್ಮ ಲಾರಿಯ ಹಾರ್ನ್ ಕೇಳಿದರೂ ಶಪಿಸುತ್ತಾಳೆ.

ಅವತ್ತು ಬೆಳಿಗ್ಗೆ ಆಕೆಯ ತಮ್ಮ ಬೋರಣ್ಣ ಬಂದ.

"ಅಕ್ಕಾ, ಇವನಿಗೆ ಕಂಪನಿ ಗಿಂಪನಿ ಯಾಕೆ? ನಮ್ಮ ಕಡೆ ಮಾಲೀಕರೊಬ್ರು ಅದಾರೆ. ನಾಳೆನೇ ಲಾರಿ ಕೊಡ್ತಾರೆ. ದೊಡ್ಡ ಲೈಸೆನ್ಸು ಮಾಡ್ಸಿ ಕೊಡೋ ಜನ ಅವ್ರ ಕೈಯಾಗೇ ಐತೆ. ಇವನು ಆರ್‌ಟಿಒ ಆಫೀಸಿನ ಮೆಟ್ಲೂ ಹತ್ತಂಗಿಲ್ಲ."

"ಓಡ್ಸೋದು ಯಾರು ಕಲಿಸ್ತಾರೆ ಮಾವ?" ಎಂದ ಜುಂಜಣ್ಣ.

"ರೋಡು ಕಲಿಸ್ತೈತೆ. ನಿಮ್ಮಪ್ಪಂಗೆ ಕುರಿ ಕಾಯೋದು ಯಾವ ಕಾಲೇಜು ಕಲಿಸ್ತು?"

"ನಿನ್ನ ಲಾರಿನೂ ಬ್ಯಾಡ, ಅವನ ಕಂಪನಿನೂ ಬ್ಯಾಡ," ಎಂದಳು ತಿಪ್ಪಮ್ಮ. "ಆ ಕಾಲು ನೋಡು. ಲಾರಿ ಈ ಮನೆಯಾಗೆ ತಿಂದಿದ್ದು ಸಾಕು."

ಅಷ್ಟರಲ್ಲಿ, ಬೋರಣ್ಣನ ಮಾತನ್ನು ಹೊರಗಿನಿಂದಲೇ ಕೇಳಿಸಿಕೊಂಡ ಗೋವಿಂದಪ್ಪ ಒಳಗೆ ಬಂದ. ಇದೇ ಹಟ್ಟಿಯವನು. ಬಹಳ ವರ್ಷ ಲಾರಿ ಓಡಿಸಿ, ಈಗ ಹಿರಿಯೂರಿನ ಆ ಕಂಪನಿಯಲ್ಲೇ ಹೊಸಬರಿಗೆ ಕಲಿಸುವ ಕೆಲಸದಲ್ಲಿದ್ದ.

"ಬರ್ರಿ ಗೋವಿಂದಣ್ಣ, ಕುಂತ್ಕಳ್ರಿ," ಎಂದು ತಿಪ್ಪಮ್ಮ ಮಜ್ಜಿಗೆ ಕೊಟ್ಟಳು. "ಮಜ್ಜಿಗೆ ಕುಡೀರಿ. ಮಗನ್ನ ಮಾತ್ರ ಕೇಳಬ್ಯಾಡ್ರಿ."

ಗೋವಿಂದಪ್ಪ ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟ. "ಕೇಳಾಕೆ ಬಂದಿಲ್ಲ ತಂಗಿ. ಬೋರಣ್ಣ ಹೇಳಿದ್ದಕ್ಕೆ ಉತ್ತರ ಹೇಳಿ ಹೋಗ್ತೀನಿ. ದೊಡ್ಡ ಲಾರಿಗೆ ಇಪ್ಪತ್ತು ವರ್ಷ ತುಂಬಿರ್ಬೇಕು. ಸಣ್ಣ ಗಾಡಿ ಲೈಸೆನ್ಸು ತಗಂಡು ವರ್ಷ ಕಳೆದಿರ್ಬೇಕು. ಎಲ್ಎಲ್‌ಆರ್ ಅಂತ ಕಲಿಯೋರ ಲೈಸೆನ್ಸು ಮಾಡ್ಸಿ, ಸರ್ಕಾರ ಒಪ್ಪಿರೋ ಸ್ಕೂಲಿನಾಗೆ ಕಲಿತು, ಇನ್ಸ್‌ಪೆಕ್ಟರ್ ಮುಂದೆ ತಾನೇ ಓಡ್ಸಿ ತೋರಿಸ್ಬೇಕು. ಅಡ್ಡದಾರಿನಾಗೆ ಬಂದ ಲೈಸೆನ್ಸು ಏನೂ ಆಗದೇ ಇರೋ ತನಕ ಮಾತ್ರ ಲೈಸೆನ್ಸು. ಏನಾದ್ರೂ ಆದ ದಿವ್ಸ ಮಾಲೀಕ ಅತ್ಲಾಗೆ, ಬ್ರೋಕರು ಇತ್ಲಾಗೆ. ಸ್ಟೇಷನ್ನಾಗೆ ಕೂರೋನು ನಮ್ಮ ಹುಡುಗ."

"ಇವನು ಓದಿರೋದು ಆರನೇ ಕ್ಲಾಸು. ದೊಡ್ಡ ಲೈಸೆನ್ಸು ನೆಟ್ಟಗೆ ಕೇಳಿದ್ರೆ ಕೊಡ್ತಾರೇನು?" ಬೋರಣ್ಣ ಬಿಡಲಿಲ್ಲ.

"ಎಂಟನೇ ಕ್ಲಾಸು ಪಾಸಾಗಿರ್ಬೇಕು ಅನ್ನೋ ನಿಯಮ ತೆಗೆದು ಬಾಳ ದಿನ ಆತು ಕಣಪ್ಪ. ಅದು ಗೊತ್ತಾದ್ರೆ ನಿನ್ನ ಬ್ರೋಕರ್ ಹೊಟ್ಟೆ ತುಂಬಲ್ಲ. ಅದ್ಕೇ ಹೇಳಿಲ್ಲ."

ಕೆಂಚಣ್ಣ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟ. "ನೀನು ಲಾರಿ ಕಲಿಸೋ ಆ ಯಾರ್ಡ್ ನೋಡಾಕೆ ನಮ್ಮನ್ನೂ ಬಿಡ್ತಾರಾ ಗೋವಿಂದ?"

"ಯಾಕೆ ಬಿಡಲ್ಲ? ಮಗ ಎಲ್ಎಲ್‌ಆರ್ ತಗಂಡು ಸೇರ್ಲಿ. ಆಮೇಲೆ ಬರ್ರಿ. ನೋಡಿ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಕರ್ಕಂಡು ಹೋಗ್ರಿ."

"ನೋಡ್ತೀನಿ," ಎಂದಳು ತಿಪ್ಪಮ್ಮ. "ಒಪ್ತೀನಿ ಅಂದಿಲ್ಲ."

ಹಾಗೆ ಜುಂಜಣ್ಣ ಕಲಿಯಲು ಸೇರಿದ ಮೇಲೆ ಗಂಡ ಹೆಂಡತಿ ಒಂದು ದಿನ ಬಸ್ಸು ಹತ್ತಿ ಹಿರಿಯೂರಿಗೆ ಹೋದರು. ಜೊತೆಗೆ ಬೋರಣ್ಣನೂ ಹೊರಟ. ಸೋಲುವ ಪಂದ್ಯವನ್ನೂ ನೋಡದೆ ಬಿಡುವ ಜಾಯಮಾನ ಅವನದಲ್ಲ.

ಯಾರ್ಡಿನಲ್ಲಿ ಉದ್ದನೆಯ ಲಾರಿ ನಿಂತಿತ್ತು. ಅದಕ್ಕೆ ಸುತ್ತ ಹಲಗೆಯಿಲ್ಲ, ಮೇಲೆ ಮುಚ್ಚಳವಿಲ್ಲ. ಬರೀ ಬಯಲಾದ ಕಬ್ಬಿಣದ ಹಾಸು. ಫ್ಲಾಟ್‌ಬೆಡ್ ಅನ್ನುತ್ತಾರೆ. ಹಾಸಿನ ಮೇಲೆ ಕಲ್ಲಿನ ಒಂದು ದಿಮ್ಮಿ. ಜುಂಜಣ್ಣ ಅದಕ್ಕೆ ಸರಪಳಿ ಕಟ್ಟುತ್ತಿದ್ದ. ಅವ್ವನನ್ನು ಕಂಡು ಕೈ ಇನ್ನಷ್ಟು ಚುರುಕಾಯಿತು.

"ಕಟ್ಟಿದ್ಯೇನಪ್ಪ?" ಗೋವಿಂದಪ್ಪ ಕೇಳಿದ.

"ಆತು ದೊಡ್ಡಪ್ಪ."

ಗೋವಿಂದಪ್ಪ ಬಂದು ಸರಪಳಿಯ ಕೆಳಗೆ ಬೆರಳು ತೂರಿಸಿದ. ಎರಡು ಬೆರಳು ಸಲೀಸಾಗಿ ಹೋದವು. ಬೇರೆ ಸರಪಳಿ ನೋಡಿದ. ಅಲ್ಲೂ ಎರಡು ಬೆರಳು.

"ಎಲ್ಲಾ ಕಡೆ ಅಳತೆ ಹಿಡಿದಂಗೆ ಬಿಟ್ಟಿದೀಯ. ಮರೆತದ್ದಲ್ಲ ಇದು. ಯಾಕೆ ಬಿಟ್ಟೆ?"

ಜುಂಜಣ್ಣ ನೆಲ ನೋಡಿದ. "ಎರಡು ಬೆರಳು ಸಡಿಲ ಇರ್ಬೇಕಲ್ವ ದೊಡ್ಡಪ್ಪ. ಕಣ್ಣಿ ಬಿಗಿ ಆದ್ರೆ ಕುತ್ತಿಗೆಗೆ..." ಅಲ್ಲಿಗೆ ನಿಲ್ಲಿಸಿದ.

ಜೊತೆಗೆ ಕಲಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. "ಲೇ, ಕಲ್ಲು ಬ್ಯಾ ಅಂತೈತೇನಲೇ?" ಎಂದನೊಬ್ಬ. ಬೋರಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ತಿಪ್ಪಮ್ಮ ನಗಲಿಲ್ಲ. ಮರಿ ಕಟ್ಟುವಾಗ ಕಣ್ಣಿಯ ಹಗ್ಗದೊಳಗೆ ಎರಡು ಬೆರಳು ಆಡಬೇಕು ಎಂದು, ಮಗನ ಪುಟ್ಟ ಬೆರಳು ಹಿಡಿದು ತೂರಿಸಿ ಕಲಿಸಿದವಳು ಅವಳೇ.

ಗೋವಿಂದಪ್ಪನೂ ನಗಲಿಲ್ಲ. "ಎಲ್ರೂ ದೂರ ನಿಂತ್ಕಳ್ರಿ," ಎಂದು ತಾನೇ ಲಾರಿ ಹತ್ತಿದ. ಆಳು ನಡೆಯುವಷ್ಟೇ ವೇಗದಲ್ಲಿ ಮುಂದಕ್ಕೆ ಬಿಟ್ಟು ಬ್ರೇಕ್ ಒತ್ತಿದ. ಕಿರ್ರೆಂದು ಸದ್ದಾಯಿತು. ಕಲ್ಲು ಗೇಣುದ್ದ ಮುಂದೆ, ಡ್ರೈವರ್ ಕೂರುವ ಕಡೆಗೆ, ಜರುಗಿ ನಿಂತಿತು.

ನಗು ನಿಂತಿತು.

"ನಡಿಗೆನಾಗೆ ಗೇಣು," ಎಂದ ಗೋವಿಂದಪ್ಪ ಕೆಳಗಿಳಿದು. "ಹೆದ್ದಾರಿನಾಗೆ ಎಷ್ಟು ಅಂತ ಕೆಂಚಣ್ಣಂಗೆ ಗೊತ್ತು."

ಕೆಂಚಣ್ಣ ಕೋಲೂರಿ ಲಾರಿಯ ಹತ್ತಿರ ಹೋದ. ಕಲ್ಲು ಜರುಗಿ ಹಾಸಿನ ಮೇಲೆ ಮೂಡಿದ ಗೆರೆಯ ಮೇಲೆ ಕೈಯಾಡಿಸಿದ. "ಅವತ್ತು ಆ ಡ್ರೈವರು ಓಡಿ ಹೋಗ್ಲಿಲ್ಲ," ಎಂದ. "ಇವನಷ್ಟೇ ವಯಸ್ಸು. ನನ್ನ ಕಾಲು ಹಿಡ್ಕಂಡು ಅಳ್ತಾ ಕುಂತಿದ್ದ. ಕಟ್ಟೋದು ಹೆಂಗೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಕಣಣ್ಣ ಅಂತಿದ್ದ. ನಿಂಗೆ ನೆಪ್ಪೈತಾ ತಿಪ್ಪಮ್ಮ? ನೀನು ಬೈಕಂತಲೇ ಅವನಿಗೆ ನೀರು ಕೊಟ್ಟೆ."

ತಿಪ್ಪಮ್ಮನಿಗೆ ನೆನಪಿತ್ತು. ಇಷ್ಟು ವರ್ಷ ಲಾರಿಯನ್ನು ಶಪಿಸಿದ್ದಳು, ಆ ಹುಡುಗನನ್ನು ಶಪಿಸಿದ್ದಳು. ಕಲಿಸದೆ ಅವನ ಕೈಗೆ ಲಾರಿ ಕೊಟ್ಟು ಮನೆಯಲ್ಲಿ ಉಂಡು ಮಲಗಿದ್ದ ಮಾಲೀಕನಿಗೆ ಒಂದೇ ಒಂದು ಬೈಗುಳವೂ ತಲುಪಿರಲಿಲ್ಲ. ತಮ್ಮನ ಕಡೆ ತಿರುಗಿದಳು. ಬೋರಣ್ಣ ಬೇರೆ ಕಡೆ ನೋಡುತ್ತಿದ್ದ.

ಗೋವಿಂದಪ್ಪ ಜುಂಜಣ್ಣನಿಗೆ ಮತ್ತೆ ತೋರಿಸಿದ. ಕಲ್ಲಿಗೆ ಮುಂದೆ ಹಿಂದೆ ಮರದ ಬೆಣೆ. ಒಂದೊಂದು ದಿಮ್ಮಿಗೂ ಬೇರೆ ಬೇರೆ ಸರಪಳಿ. ಮೂಲೆಯಿಂದ ಮೂಲೆಗೆ ಎಳೆದು, ಬಿಗಿಯುವ ಹಿಡಿಯನ್ನು ಪೂರ್ತಿ ಮಡಚಿ, ಮಡಚಿದ ಹಿಡಿ ಬಿಚ್ಚಿಕೊಳ್ಳದಂತೆ ಅದಕ್ಕೂ ಕಟ್ಟು. "ಜೀವ ಇರೋದಕ್ಕೆ ಸಡಿಲ ಬೇಕು ಮಗ. ಕಲ್ಲಿಗೆ ಜೀವ ಇಲ್ಲ. ಅದು ಸುಮ್ನಿದ್ರೆ ನಿನ್ನ ಜೀವ ಉಳೀತೈತೆ."

ಆಮೇಲೆ ಜುಂಜಣ್ಣ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಗೋವಿಂದಪ್ಪ. ಯಾರ್ಡಿನೊಳಗಿನ ಮಣ್ಣಿನ ದಾರಿಯಲ್ಲಿ ಲಾರಿ ನಿಧಾನಕ್ಕೆ ಹೊರಟಿತು. ಒಂದು ಕೂಗಳತೆ ದೂರ ಹೋಗಿ ತಾನಾಗಿಯೇ ನಿಂತಿತು.

"ಕೆಟ್ಟು ನಿಂತ್ಕಂತು," ಎಂದ ಬೋರಣ್ಣ.

ಕೆಟ್ಟಿರಲಿಲ್ಲ. ಜುಂಜಣ್ಣ ಇಳಿದು ಲಾರಿಯನ್ನು ಒಂದು ಸುತ್ತು ಹಾಕಿದ. ಒಂದೊಂದು ಸರಪಳಿಯನ್ನೂ ಮುಟ್ಟಿ ಜಗ್ಗಿದ. ಒಂದು ಕೊಂಚ ಸಡಿಲವಾಗಿತ್ತು, ಬಿಗಿದ.

ಅವರು ತಿರುಗಿ ಬಂದಾಗ ಗೋವಿಂದಪ್ಪನ ಮುಖದಲ್ಲಿ ನಗುವಿತ್ತು. "ಹೊರಟ ಮೇಲೆ ಭಾರ ಕುಳಿತುಕೊಳ್ತೈತೆ, ಸರಪಳಿ ಸಡಿಲ ಆಗ್ತೈತೆ. ಸ್ವಲ್ಪ ದೂರ ಹೋಗಿ ನಿಲ್ಸಿ ನೋಡ್ಬೇಕು. ಆಮೇಲೂ ದಾರಿನಾಗೆ ನಿಲ್ಸಿ ನಿಲ್ಸಿ ನೋಡ್ಬೇಕು. ಅದು ಇನ್ನೂ ನಾನು ಹೇಳ್ಕೊಡದ ಪಾಠ. ಇವನು ತಾನೇ ನಿಲ್ಸಿದ. ಯಾರು ಹೇಳಿದ್ರೋ ಅಂದೆ. ನಮ್ಮವ್ವ ಅಂದ."

ತಿಪ್ಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಂದೆ ಎದ್ದು ಹೊರಟ ಮೇಲೆ ಒಂದು ಕೂಗಳತೆ ಹೋಗಿ, ನಿಂತು, ತಿರುಗಿ ನೋಡಬೇಕು. ಹಿಂದೆ ಉಳಿದ ಮರಿ, ಕುಂಟುವ ಕುರಿ ಆಗಲೇ ಕಣ್ಣಿಗೆ ಬೀಳುವುದು. ಅದೂ ಅವಳೇ ಕಲಿಸಿದ್ದು.

"ಅವ್ವ, ಒಂದು ಪಾಠ ತಪ್ಪು, ಒಂದು ಸರಿ," ಎಂದ ಜುಂಜಣ್ಣ. "ಪಾಸೋ ಫೇಲೋ?"

ತಿಪ್ಪಮ್ಮ ಲಾರಿಯ ಹತ್ತಿರ ಹೋದಳು. ಅಷ್ಟು ವರ್ಷ ದೂರದಿಂದಲೇ ಬೈದ ಆ ಕಬ್ಬಿಣವನ್ನು ಮೊದಲ ಸಲ ಮುಟ್ಟಿದಳು. ಸರಪಳಿಯ ಕೆಳಗೆ ಎರಡು ಬೆರಳು ತೂರಿಸಲು ನೋಡಿದಳು. ಆಗಲಿಲ್ಲ. ಕಿರುಬೆರಳು ಇಟ್ಟಳು. ಅದೂ ಹೋಗಲಿಲ್ಲ. ಹಾಗೇ ಸುತ್ತ ಬಂದು ಎಲ್ಲ ಸರಪಳಿಗಳನ್ನೂ ನೋಡಿದಳು.

"ಬೆರಳು ಹೋಗಂಗಿಲ್ಲ," ಎಂದಳು. "ಕಲೀಲಿ ಗೋವಿಂದಣ್ಣ. ಪೂರ್ತಿ ಕಲಿಸಿ ಕಳಿಸ್ರಿ. ಅರ್ಧಕ್ಕೆ ಕಳಿಸಿದ್ರೆ ನಿಮಗೆ ಮಜ್ಜಿಗೆ ಇಲ್ಲ." ಆಮೇಲೆ ತಮ್ಮನಿಗೆ, "ಹೋಗಾಣ ನಡೀ ಬೋರ. ಕಲಿಸದೆ ಲಾರಿ ಕೊಡೋ ಆ ನಿನ್ನ ಮಾಲೀಕಂಗೆ ಹೇಳು. ಅವನ ಮಗನ್ನ ಮೊದ್ಲು ಕೂರಿಸ್ಲಿ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಜುಂಜಣ್ಣ ಇರಬಹುದು. ಅವನನ್ನು ತಡೆಯಬೇಡಿ. ಆದರೆ ಅಡ್ಡದಾರಿಯ ಲೈಸೆನ್ಸಿಗೆ ಕೈ ಚಾಚಲು ಬಿಡಬೇಡಿ. ಕಲಿಸದೆ ಲಾರಿ ಕೊಡುವ ಮಾಲೀಕ ನಿಮ್ಮ ಮಗನಿಗೆ ಕೊಡುವುದು ಕೆಲಸವನ್ನಲ್ಲ, ತನ್ನ ತಲೆಯ ಮೇಲಿನ ಹೊಣೆಯನ್ನು. ಎಲ್ಲಿ ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಭಾರ ಕಟ್ಟುವುದನ್ನೂ ಹೇಳಿಕೊಡುತ್ತಾರೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ತಿಪ್ಪಮ್ಮನ ಹಾಗೆ ಹೋಗಿ ಕಣ್ಣಾರೆ ನೋಡಿ. ಹೆದ್ದಾರಿಯ ಪಕ್ಕದಲ್ಲಿ ಇನ್ಯಾರದೋ ಮಂದೆ ನಡೆದು ಬರುತ್ತಿರುತ್ತದೆ. ಅದರ ಹಿಂದೆ ಇನ್ಯಾರದೋ ಅಪ್ಪ ಇರುತ್ತಾನೆ.