ಶನಿವಾರದ ನೇರ ವಿಮಾನ

"ಇನ್ಮೇಲೆ ಹೈದರಾಬಾದಲ್ಲಿ ಕೂತು ಕಾಯೋ ಕರ್ಮ ಇಲ್ಲ ಕಣೇ," ಎಂದ ಸೋಮನಾಥ್ ಫೋನಿನಲ್ಲಿ. ಅವನು ಕೆಲಸಕ್ಕಿದ್ದ ಜಬಲ್ಪುರದಿಂದ ಬೆಂಗಳೂರಿಗೆ ನೇರ ವಿಮಾನ ಬಿಟ್ಟಿದ್ದರು. ಆ ವಿಮಾನ ಕಂಪನಿ ಈ ವರ್ಷ ಸಣ್ಣಪುಟ್ಟ ಊರುಗಳಿಗೆಲ್ಲ ಹೀಗೆ ನೇರವಾಗಿ ಹಾರತೊಡಗಿತ್ತಂತೆ. "ಶನಿವಾರ ಮಧ್ಯಾಹ್ನ ಹತ್ತಿದ್ರೆ ಸಂಜೆ ಕಾಫಿಗೆ ಬನಶಂಕರೀಲಿರ್ತೀನಿ. ವಾರವಾರ ಬರ್ತೀನಿ. ಯಾಕೆ, ಖುಷಿ ಆಗ್ಲಿಲ್ವಾ?"

"ಆಯ್ತು ರೀ," ಎಂದಳು ಅಂಜನಾ.

ಮಾತು ಮುಗಿಯುವವರೆಗೂ ಒಳಕೋಣೆಯ ಮಂಚದ ಮೇಲೆ ಅವಳ ತಾಯಿ ಕಮಲಾದೇವಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅಳಿಯನ ಫೋನು ಬಂದಾಗ ಕೆಮ್ಮಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾವೇ ಕಲಿತಿದ್ದರು.

ಲಕ್ವ ಹೊಡೆದು ಬಲಗಡೆ ಬಿದ್ದುಹೋದ ಮೇಲೆ ತಿಪಟೂರಿನ ಮಗ ಕೆಲವು ದಿನ ನೋಡಿಕೊಂಡ. ಯುಗಾದಿಗೆ ಮುಂಚೆ ಒಂದು ದಿನ ಕಾರಿನಲ್ಲಿ ಕರೆತಂದು, ಬಟ್ಟೆಯ ಚೀಲದ ಸಮೇತ ಅಕ್ಕ ಅಂಜನಾಳ ಮನೆಯಲ್ಲಿ ಇಳಿಸಿ ಹೋದ. ಇದು ಸೋಮನಾಥನಿಗೆ ಗೊತ್ತಿಲ್ಲ. ಅತ್ತೆ ಊರಿನ ಮನೆಯನ್ನು ಮಗನ ಹೆಸರಿಗೆ ಬರೆದ ದಿನವೇ ಅವನು ಹೇಳಿದ್ದ: "ಮನೆ ಮಗನಿಗೆ, ಮಂಚ ಅಳಿಯನಿಗೆ ಅಂತ ನಾಳೆ ಯಾರೂ ಬರಬಾರದು. ಬಂದ್ರೆ ಅವರ ಜೊತೆ ನೀನೂ ಹೊರಡ್ತೀಯ, ಅಷ್ಟೆ." ಸಿಟ್ಟಿನಲ್ಲಿ ಹೇಳಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಅವನು ಮೊಸರನ್ನ ಕಲೆಸುತ್ತ ತಣ್ಣಗೆ ಹೇಳಿದ್ದ.

ಅವನು ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿದ್ದಷ್ಟು ದಿನ ಹೇಗೋ ನಡೆಯಿತು. ಬರುವ ಮೊದಲು ತಾಯಿಯನ್ನು ಆಟೋದಲ್ಲಿ ಉತ್ತರಹಳ್ಳಿಯ ಚಿಕ್ಕಪ್ಪನ ಮಗಳು ಕಲ್ಯಾಣಿಯ ಮನೆಗೆ ಸಾಗಿಸಿ, ಮಂಚ ಮಡಿಸಿ, ಡೆಟಾಲ್ ಹಾಕಿ ನೆಲ ಒರೆಸುತ್ತಿದ್ದಳು. ಹೈದರಾಬಾದಿನಲ್ಲಿ ಇಳಿದಾಗ ಅವನು ಫೋನು ಮಾಡುತ್ತಿದ್ದ. ಏನಾದರೂ ಉಳಿದಿದ್ದರೆ ಸರಿಪಡಿಸಲು ಆಮೇಲೂ ಅರ್ಧ ದಿನ ಸಿಗುತ್ತಿತ್ತು. ಗಂಡ ದೂರವಿರುವುದರ ಮೇಲೆಯೇ ತನ್ನ ಸಂಸಾರ ನಿಂತಿದೆ ಎಂದು ಅವಳಿಗೆ ಅನಿಸಿದ್ದುಂಟು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಕಲ್ಯಾಣಿ ಈ ಸಲ ಒಪ್ಪಲಿಲ್ಲ. "ಅಪರೂಪಕ್ಕೆ ಆದ್ರೆ ನೆಂಟರು ಅಂತ ಇಟ್ಕೋಬಹುದು ಅಕ್ಕಾ. ವಾರವಾರ ಅಂದ್ರೆ ನಮ್ಮತ್ತೆ ಸುಮ್ನಿರ್ತಾರಾ? ಭಾವನ ವಿಮಾನ ಇಳಿದಾಗೆಲ್ಲ ದೊಡ್ಡಮ್ಮ ಹಾರಬೇಕಾ?" ನಕ್ಕಳು, ಆಮೇಲೆ ತಾನೇ ತಲೆ ತಗ್ಗಿಸಿದಳು. ಪದ್ಮನಾಭನಗರದ ವೃದ್ಧಾಶ್ರಮದಲ್ಲೂ ಹಾಸಿಗೆ ಹಿಡಿದವರನ್ನು ಎರಡೆರಡು ದಿನಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದರು. ತಮ್ಮ ಫೋನೇ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ತಾಯಿಗೆ ಸ್ನಾನ ಮಾಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಳು. ಬಲಗೈ ಏಳದು, ಹಾಗಾಗಿ ವಿಭೂತಿ, ಪತ್ರೆ ಎಲ್ಲವನ್ನೂ ಮಗಳೇ ಏರಿಸಬೇಕು. ಪೂಜೆ ಮುಗಿದ ಮೇಲೆ ಕಮಲಾದೇವಿ ತೊದಲುತ್ತ, "ನನ್ನ ಮಠದಲ್ಲಿ ಬಿಟ್ಬಿಡು. ದಾಸೋಹ ಇರ್ತದೆ," ಎಂದರು.

"ಉಣ್ಣೋಕಿರ್ತದೆ. ತಿನ್ನಿಸೋರು ಯಾರವ್ವ?"

"ಸ್ವಾಮಿಗಳೇ ತಿನ್ನಿಸ್ಲಿ. ಎಷ್ಟು ಸಲ ಕಾಲಿಗೆ ಬಿದ್ದಿಲ್ಲ ನಾನು."

ಅಂಜನಾಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂದು ಅಡುಗೆಮನೆಗೆ ಹೋದಳು. ಅಲ್ಲಿ ನಿಂತಲ್ಲೇ ಒಂದು ಯೋಚನೆ ಸುಳಿಯಿತು: ಅವ್ವ ಈಗ, ಇವತ್ತೇ, ನಿದ್ದೆಯಲ್ಲಿ ಹೋಗಿಬಿಟ್ಟರೆ. ಆ ಯೋಚನೆ ತನ್ನದೇ ಎಂದು ಅರಿವಾದಾಗ ಅವಳಿಗೆ ಗಂಡನಿಗಿಂತ ತನ್ನ ಬಗ್ಗೆಯೇ ಹೆಚ್ಚು ಭಯವಾಯಿತು. ಮಧ್ಯಾಹ್ನವಾಗುತ್ತಿದ್ದಂತೆ ಫೋನು ತೆಗೆದುಕೊಂಡಳು.

"ಬೇಗ ಹೇಳು, ಹತ್ತಿಸ್ತಿದಾರೆ," ಎಂದ ಸೋಮನಾಥ್.

"ನಮ್ಮವ್ವ ಇಲ್ಲೇ ಇದಾರೆ ರೀ."

"ಯಾವಾಗ ಬಂದ್ರು?"

"ಯುಗಾದಿ ಮುಂಚೆ."

ಆ ಕಡೆ ಹಿಂದಿಯಲ್ಲಿ ಏನೋ ಘೋಷಣೆ ಕೇಳಿಸುತ್ತಿತ್ತು. "ಆಮೇಲೆ ನಾನು ಬಂದಿದ್ದೆನಲ್ಲ."

"ಆಗ ಕಲ್ಯಾಣಿ ಮನೇಲಿ ಬಚ್ಚಿಟ್ಟಿದ್ದೆ."

"ಬಚ್ಚಿಟ್ಟಿದ್ದೆ," ಎಂದು ಅವನು ನಿಧಾನವಾಗಿ ಹೇಳಿಕೊಂಡ. "ನಾನು ಬರೋದ್ರೊಳಗೆ ಎಲ್ಲಿಗಾದ್ರೂ ಕಳಿಸಿರು."

"ಕಳಿಸೋಕೆ ಜಾಗ ಇಲ್ಲ ರೀ. ಇದ್ದಿದ್ರೆ ನಿಮಗೆ ಹೇಳ್ತಿರ್ಲಿಲ್ಲ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಇನ್ನು ಅವನು ನಡುವೆ ಎಲ್ಲೂ ಇಳಿಯುವುದಿಲ್ಲ, ಸಿಟ್ಟು ಆರಿಸಿಕೊಳ್ಳಲು ಒಂದು ಕಪ್ ಚಹಾ ಕುಡಿಯುವುದಿಲ್ಲ. ಮಧ್ಯಾಹ್ನವೆಲ್ಲ ಅವಳು ಮನೆಯೊಳಗೆ ಸುಮ್ಮನೆ ಓಡಾಡಿದಳು. ಎರಡು ಸಲ ತನ್ನ ಸೀರೆಗಳನ್ನು ಬ್ಯಾಗಿಗೆ ತುಂಬಿ, ಎರಡು ಸಲವೂ ತೆಗೆದಿಟ್ಟಳು. ತುಂಬಿಕೊಂಡು ಹೋಗುವುದಾದರೂ ಎಲ್ಲಿಗೆ?

ಸಂಜೆ ಗೇಟಿನ ಸದ್ದಾದಾಗ ಕಮಲಾದೇವಿಗೆ ಹೆದರಿಕೆಯಲ್ಲಿ ತಡೆಯಲಾಗಲಿಲ್ಲ. ಹಾಸಿಗೆಯೆಲ್ಲ ಹೊಲಸಾಯಿತು. ಅಂಜನಾ ಬಕೆಟ್ಟಿನಲ್ಲಿ ಬಿಸಿನೀರು ತಂದು ತಾಯಿಯನ್ನು ಮಗ್ಗುಲಿಗೆ ಹೊರಳಿಸಿದಳು. ಕರೆಗಂಟೆ ಸದ್ದಾಯಿತು.

"ಹೋಗು, ಬಾಗಿಲು ತೆಗಿ," ಎಂದರು ತಾಯಿ ಗೋಡೆಯ ಕಡೆ ಮುಖ ಮಾಡಿಯೇ. "ನನ್ನ ಆಮೇಲೆ ನೋಡ್ಕೋ. ಕಾಯಿಸಬೇಡ ಅವರನ್ನ."

ಗಂಟೆ ಮತ್ತೆ ಸದ್ದಾಯಿತು. ಈ ಸಲ ನಿಲ್ಲಲಿಲ್ಲ, ಒತ್ತಿದ ಬೆರಳು ಒತ್ತಿದಂತೆಯೇ ಇತ್ತು. ಅಂಜನಾ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ತಾಯಿಯ ಬೆನ್ನಿನ ಕೆಳಗೆ ಇನ್ನೊಮ್ಮೆ ಒರೆಸಿದಳು.

"ಅಲುಗಾಡಬೇಡವ್ವ," ಎಂದಳು. "ಇನ್ನೂ ಆಗಿಲ್ಲ."