ಕಾಲು ಕೊಯ್ದ ಸ್ಟೂಲು

“ಕೆಲಸ ಬಂದ ದಿನ ಮೊದಲು ನಿನ್ನನ್ನೇ ಕರೀತೀನಿ. ಅಲ್ಲೀತನಕ ನಿನ್ನ ಸ್ಟೂಲಿನ ಮೇಲೆ ಒಬ್ಬರೂ ಕೂರಲ್ಲ,” ಎಂದು ಎಷ್ಟೋ ವರ್ಷಗಳ ಹಿಂದೆ ಮಾತು ಕೊಟ್ಟಿದ್ದ ಮೇಸ್ತ್ರಿಯ ಗಲ್ಲಕ್ಕೆ ಗಿಡ್ಡ ಈಗ ಸೋಪಿನ ನೊರೆ ಹಚ್ಚುತ್ತಿದ್ದ. ಮೇಸ್ತ್ರಿಯ ಪ್ರಾಣ ಹಿಂದಿನ ದಿನವೇ ಹೋಗಿತ್ತು.

“ಚಿಕ್ಕಪ್ಪ, ನಿಮಗ್ಯಾಕೆ ಶ್ರಮ? ಯಾರನ್ನಾದ್ರೂ ಕರೆಸ್ತಿದ್ದೆ,” ಎಂದಳು ಮೇಸ್ತ್ರಿಯ ಮಗಳು.

“ನನ್ನ ಕೆಲಸಾನೇ ಇದು ಕಣಮ್ಮ. ವೃದ್ಧಾಶ್ರಮದಲ್ಲಿ ದಿನಾ ಮುದುಕರಿಗೆ ಕ್ಷೌರ ಮಾಡ್ತೀನಿ. ಅಲ್ಲಿಯವರು ಬೈತಾರೆ. ನಿಮ್ಮಪ್ಪ ಇಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದು ಇದೇ ಮೊದಲು.”

ಗೋಡೆಗೊರಗಿ ಕೂತಿದ್ದ ಮೇಸ್ತ್ರಿಯ ಹೆಂಡತಿ ಅಳುತ್ತಲೇ ನಕ್ಕಳು.

*

ಆಗ ಇಬ್ಬರೂ ದುಡಿಯುತ್ತಿದ್ದ ಚಪ್ಪಲಿ ಕಾರ್ಖಾನೆಯಲ್ಲಿ ಸದಾ ಅಂಟಿನ ವಾಸನೆ, ಮಧ್ಯಾಹ್ನ ರೇಡಿಯೋ ಹಾಡು. ಸ್ಟೂಲಿನ ಮೇಲೆ ಕೂತರೆ ಗಿಡ್ಡನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. “ತೊಟ್ಟಿಲ ಕೂಸಿನ ಹಾಗೆ ಕಾಲಾಡಿಸ್ತೀಯಲ್ಲೋ,” ಎಂದು ಮೇಸ್ತ್ರಿಯೇ ಗರಗಸ ತಂದು ಅದರ ಕಾಲು ಕೊಯ್ದಿದ್ದ.

ಚಪ್ಪಲಿಗೆ ಗಿರಾಕಿ ಕಡಿಮೆಯಾದಾಗ ಹೊಸ ಒಪ್ಪಂದ ಬಂತು. ಮಾಲೀಕರು ಬೇಕಾದಾಗ ಆಳು ತೆಗೆದುಕೊಳ್ಳಬಹುದು, ಬೇಡವಾದಾಗ ಬಿಡಬಹುದು. ಹಾಗೆ ಕೆಲಸ ಹೋದವರಿಗೆ ಸರ್ಕಾರ ಭತ್ಯೆ ಕೊಟ್ಟು ಬೇರೆ ಕೆಲಸ ಕಲಿಸುತ್ತದೆ. “ಕೈಬಿಟ್ಟರೂ ಕೆಳಗೆ ಬೀಳಲ್ಲ ಕಣ್ರೋ,” ಎಂದು ಎಲ್ಲರನ್ನೂ ಒಪ್ಪಿಸಿದವನು ಮೇಸ್ತ್ರಿ. ಎಲ್ಲರಿಗಿಂತ ಕೊನೆಗೆ ಸೇರಿದ್ದ ಗಿಡ್ಡ ಮೊದಲು ಹೊರಬಿದ್ದ.

“ಹೊಟ್ಟೆಗೇನೋ ಸರ್ಕಾರ ಹಾಕುತ್ತೆ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಮೇಸ್ತ್ರಿ?”

ಮೇಸ್ತ್ರಿ ಆ ಮಾತು ಕೊಟ್ಟಿದ್ದು ಆಗಲೇ.

ಕೆಲಸವೇನೋ ಮತ್ತೆ ಬಂತು. ಮಾಲೀಕರು ಹೊಸಬರನ್ನು ಒಂದೊಂದು ತಿಂಗಳಿಗೆ ಕರೆಸಿಕೊಂಡರು; ಗಿಡ್ಡನಿಗೆ ಕರೆ ಬರಲಿಲ್ಲ. ಆಮೇಲೆ ಕಾರ್ಖಾನೆಯೇ ಮುಚ್ಚಿತು. ಅಷ್ಟರಲ್ಲಿ ಗಿಡ್ಡ ಸರ್ಕಾರದ ತರಬೇತಿ ಶಾಲೆಯಲ್ಲಿ ಮುದುಕರಿಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು ಕಲಿತಿದ್ದ. ಆಮೇಲೆ ಒಬ್ಬರ ಬೀದಿಗೆ ಇನ್ನೊಬ್ಬರು ಹೋಗಲಿಲ್ಲ.

*

ಮೇಸ್ತ್ರಿಯನ್ನು ಮಲಗಿಸಿದ್ದ ಮಂಚ ತಗ್ಗಿನದು. ಒಂದು ಗಲ್ಲ ಮುಗಿಯುವಷ್ಟರಲ್ಲಿ ಗಿಡ್ಡ ಸೊಂಟ ಹಿಡಿದುಕೊಂಡ.

“ತಾಳಿ,” ಎಂದು ಮೇಸ್ತ್ರಿಯ ಹೆಂಡತಿ ಒಳಗೆ ಹೋಗಿ ಸ್ಟೂಲು ತಂದಿಟ್ಟಳು. ಗಿಡ್ಡನೇ ಹೊಲಿದಿದ್ದ ಚರ್ಮದ ಹೊದಿಕೆ ಹಾಗೇ ಇತ್ತು. “ಕಾರ್ಖಾನೆ ಬಾಗಿಲು ಮುಚ್ಚಿದ ದಿನ ಇವರೇ ಹೊತ್ಕೊಂಡು ಬಂದ್ರು. ಮೊಮ್ಮಗು ಹತ್ತಿದ್ರೂ ಗದರೋರು. ನಿಮಗೆ ಮುಖ ತೋರಿಸೋಕೆ ಮಾತ್ರ ಧೈರ್ಯ ಬರ್ಲಿಲ್ಲ.”

“ನಾನೇನು ಕಚ್ತಿದ್ನಾ?” ಎಂದ ಗಿಡ್ಡ, ಮೇಸ್ತ್ರಿಯ ಮುಖ ನೋಡುತ್ತಾ.

ಕೂತ. ಎರಡೂ ಪಾದ ನೆಲ ಮುಟ್ಟಿದವು. ಇನ್ನೊಂದು ಗಲ್ಲ ಕೈಗೆ ಸರಿಯಾಗಿ ಸಿಕ್ಕಿತು.

ಮೇಸ್ತ್ರಿ ಕೆಲಸಕ್ಕೆ ಕರೆದಿರಲಿಲ್ಲ. ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ.